ಮೂತಿ ಚಕ್ರದಿಂದ ಬಾಲದ ಚಕ್ರಕ್ಕೆ: ನನ್ನ ಅನುಭವ

ವಿಮಾನದ ಮೂರನೆಯ ಚಕ್ರ ಮೂತಿಯ ಕೆಳಗಿದ್ದರೆ ನೆಲದ ಮೇಲೆ ಅದರ ನಡತೆ ಒಂದು ರೀತಿ, ಬಾಲದ ಕೆಳಗಿದ್ದರೆ ಇನ್ನೊಂದು ರೀತಿ. ತೋಟದಲ್ಲಿ ಟ್ರಾಕ್ಟರ್ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರೈಲರ್ ಎಳೆದುಕೊಂಡು ಮುಂದೆ ಹೋಗುವಾಗ ಅದು ತಾನಾಗಿ ಹಿಂದೆ ನೇರವಾಗಿ ಬರುತ್ತದೆ. ಅದೇ ಟ್ರೈಲರನ್ನು ರಿವರ್ಸ್‌ನಲ್ಲಿ ಕಾಫಿ ಕಣಕ್ಕೆ ತಳ್ಳಿ ನೋಡಿ. ಒಂದು ಗೇಣು ಓರೆಯಾದರೆ ಸಾಕು, ಓರೆ ಜಾಸ್ತಿಯಾಗುತ್ತಲೇ ಹೋಗುತ್ತದೆ. ಓರೆ ಚಿಕ್ಕದಿರುವಾಗಲೇ ಸರಿಮಾಡದಿದ್ದರೆ ಟ್ರೈಲರ್ ಮಡಚಿಕೊಂಡು ನಿಲ್ಲುತ್ತದೆ.

ಚಿಕ್ಕ ವಿಮಾನಗಳಲ್ಲಿ ನೋಸ್‌ವೀಲ್‌ಗೂ ಟೈಲ್‌ವೀಲ್‌ಗೂ ಇರುವ ವ್ಯತ್ಯಾಸ ಇಷ್ಟೇ. ಮೂತಿಯ ಕೆಳಗೆ ಚಕ್ರ ಇರುವ ವಿಮಾನದ ಭಾರ ಎರಡು ಮುಖ್ಯ ಚಕ್ರಗಳಿಗಿಂತ ಮುಂದೆ ಇರುತ್ತದೆ. ಸ್ವಲ್ಪ ಸೊಟ್ಟಗೆ ಇಳಿದರೂ ಆ ಭಾರವೇ ಅದನ್ನು ನೇರಕ್ಕೆ ಎಳೆಯುತ್ತದೆ. ಬಾಲದಲ್ಲಿ ಚಕ್ರ ಇರುವ ವಿಮಾನದ ಭಾರ ಮುಖ್ಯ ಚಕ್ರಗಳಿಗಿಂತ ಹಿಂದೆ. ಸೊಟ್ಟಗಾದರೆ ಆ ಭಾರ ಮುಂದೆ ಬರಲು ನೋಡುತ್ತದೆ. ಪೈಲಟ್ ತಡೆಯದಿದ್ದರೆ ವಿಮಾನ ಗಿರಕಿ ಹೊಡೆಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಇದನ್ನು ನಾನು ಓದಿ ತಿಳಿದಿದ್ದೆ. ನನ್ನ ಕಾಲುಗಳಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

ನಾನು ಕೊಡಗಿನ ಗೋಣಿಕೊಪ್ಪ ಕಡೆಯ ಕಾಫಿ ಬೆಳೆಗಾರ. ಹಾರಾಟ ನನ್ನ ಹೊಟ್ಟೆಪಾಡಲ್ಲ, ಆಸೆ. ಮೊದಲು ಹಾರಿಸಿದ್ದು ಟ್ರೈಕ್. ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ಗಾಡಿ. ಅದರಲ್ಲಿ ರಡ್ಡರ್ ಇಲ್ಲ, ಅಂದರೆ ಕಾಲಿನಿಂದ ಒತ್ತಿ ಮೂತಿಯನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಹಲಗೆ ಇಲ್ಲ. ನೆಲದ ಮೇಲೆ ಬಲಗಾಲು ಒತ್ತಿದರೆ ಮುಂದಿನ ಚಕ್ರ ಎಡಕ್ಕೆ ತಿರುಗುತ್ತದೆ. ಆಮೇಲೆ ಕಲಿತದ್ದು ಸೆಸ್ನಾ 172. ಅದರಲ್ಲಿ ಬಲಗಾಲು ಒತ್ತಿದರೆ ಬಲಕ್ಕೇ ಹೋಗುತ್ತದೆ. ಆದರೆ ಅದು ಎಷ್ಟು ಸಾಧು ಅಂದರೆ, ಕಾಲು ಸುಮ್ನೆ ಇಟ್ಟುಕೊಂಡು ಕೂತರೂ ಹೆಚ್ಚು ಕಡಿಮೆ ನೇರವಾಗಿಯೇ ನಿಲ್ಲುತ್ತದೆ. ಆ ವಿಮಾನ ಹುಟ್ಟಿದ್ದೇ ಅದಕ್ಕೆ. ಸೆಸ್ನಾ 170 ಬಾಲದ ಚಕ್ರದ ವಿಮಾನ. ಅದನ್ನೇ ಮಾರ್ಪಡಿಸಿ, ಮೂತಿಗೆ ಚಕ್ರ ಕೊಟ್ಟು 1956ರಲ್ಲಿ 172 ಎಂದು ಮಾರಾಟಕ್ಕೆ ತಂದರು. ಅದಾದ ಮೇಲೆ ಫ್ಲೈಯಿಂಗ್ ಸ್ಕೂಲ್‌ಗಳಲ್ಲಿ ಬಾಲದ ಚಕ್ರ ಅಪರೂಪವಾಗುತ್ತಾ ಹೋಯಿತು.

ನಮ್ಮಲ್ಲೂ ಹಿಂದೆ ಎಲ್ಲರೂ ಬಾಲದ ಚಕ್ರದಲ್ಲೇ ಕಲಿಯುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ, ಪುಷ್ಪಕ್ 1958ರಲ್ಲಿ. ಎರಡಕ್ಕೂ ಬಾಲದಲ್ಲೇ ಚಕ್ರ. ನನಗೆ ಕಲಿಸಿದ ಹಿರಿಯರು ನಮ್ಮ ಊರಿನವರೇ, ವಾಯುಪಡೆಯಿಂದ ನಿವೃತ್ತರಾದವರು, ಎಚ್‌ಟಿ-2ರಲ್ಲಿ ಹಾರಲು ಕಲಿತವರು. ಗೆಳೆಯರೊಬ್ಬರು ತಮ್ಮ ಹುಲ್ಲುಗಾವಲಿನ ರನ್‌ವೇ ಪಟ್ಟಿಗೆ ಎರಡು ಸೀಟಿನ ಬಾಲದ ಚಕ್ರದ ಮೈಕ್ರೋಲೈಟ್ ಎಂಬ ಹಗುರ ವಿಮಾನ ತಂದಾಗ ಈ ಹಿರಿಯರು ನನ್ನನ್ನು ಕರೆದರು. ಮೊದಲ ದಿನ ನನ್ನ ಕಾಲನ್ನೇ ನೋಡುತ್ತಿದ್ದು ಹೇಳಿದರು: "ನಿನ್ನ ಕಾಲು ಮಲಗಿದೆ. ಮೊದಲು ಅದನ್ನು ಎಬ್ಬಿಸೋಣ."

ಮೂರು ಬೆಳಿಗ್ಗೆ ನಾವು ಹಾರಲೇ ಇಲ್ಲ. ಮೊದಲನೆಯ ದಿನ ಎಂಜಿನ್ ಸ್ಟಾರ್ಟ್ ಮಾಡದೆ ಸೀಟಿನಲ್ಲಿ ಕೂರಿಸಿದರು. ಬಾಲ ನೆಲದ ಮೇಲಿದ್ದಾಗ ಮೂತಿ ಆಕಾಶ ನೋಡುತ್ತದೆ, ಮುಂದಿನ ದಾರಿ ಕಾಣುವುದಿಲ್ಲ. ಮೂತಿಯ ಎಡಕ್ಕೂ ಬಲಕ್ಕೂ ಎಷ್ಟು ಹುಲ್ಲು ಕಾಣುತ್ತದೆ, ದೂರದ ಸಿಲ್ವರ್ ಓಕ್ ಮರಗಳ ತುದಿ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೆ ತುಂಬಿಕೊಳ್ಳಬೇಕು. ಮೂರೂ ಚಕ್ರ ಒಟ್ಟಿಗೆ ನೆಲ ಮುಟ್ಟುವ ತ್ರೀ-ಪಾಯಿಂಟ್ ಲ್ಯಾಂಡಿಂಗ್‌ನಲ್ಲಿ ಕಾಣಬೇಕಾದ ಚಿತ್ರ ಇದೇ. ಈ ಚಿತ್ರ ಗೊತ್ತಿಲ್ಲದೆ ಇಳಿಯಲು ಹೋದರೆ ಬರೀ ಊಹೆ ಅಲ್ವಾ?

ಎರಡನೆಯ ದಿನ ನಡಿಗೆಯ ವೇಗದಲ್ಲಿ ಹಾವಿನಂತೆ ಎಡ ಬಲ ತಿರುಗಿಸುತ್ತಾ ಟ್ಯಾಕ್ಸಿ, ಅಂದರೆ ವಿಮಾನವನ್ನು ನೆಲದ ಮೇಲೆಯೇ ಓಡಿಸುವುದು. ಮುಂದೆ ಏನಿದೆ ಎಂದು ನೋಡಲು ಬೇರೆ ದಾರಿ ಇಲ್ಲ. ಮೂರನೆಯ ದಿನ ಥ್ರಾಟಲ್ ಕೊಟ್ಟು ಬಾಲ ಎತ್ತಿ, ಗಾಳಿಗೆ ಏರದೆ, ಮತ್ತೆ ಇಳಿಸುವುದು. ಬಾಲ ಎದ್ದ ಕ್ಷಣ ಮೂತಿ ಎಡಕ್ಕೆ ಎಳೆಯುತ್ತದೆ. ತಿರುಗುತ್ತಿರುವ ಪ್ರೊಪೆಲರ್ ಬುಗುರಿಯ ಹಾಗೆ. ಅದನ್ನು ಮುಂದಕ್ಕೆ ಬಾಗಿಸಿದರೆ ಅದು ಪಕ್ಕಕ್ಕೆ ಹೊರಳುತ್ತದೆ. ನಮ್ಮ ಎಂಜಿನ್ ಪೈಲಟ್‌ಗೆ ಕಾಣುವಂತೆ ಬಲಕ್ಕೆ ಸುತ್ತುವುದರಿಂದ ಹೊರಳುವುದು ಎಡಕ್ಕೆ. ಹಳೆಯ ಟೈಗರ್ ಮಾತ್‌ನ ಎಂಜಿನ್ ಉಲ್ಟಾ ಸುತ್ತುತ್ತದೆ, ಅದರಲ್ಲಿ ಬಲಕ್ಕೆ ಎಳೆಯುತ್ತದೆ. ಅದಕ್ಕೇ ಹಿರಿಯರು ಯಾವ ಕಾಲು ಎಂದು ಬಾಯಿಪಾಠ ಮಾಡಿಸಲಿಲ್ಲ. "ಮರ ನೋಡು. ಮರ ಯಾವ ಕಡೆ ಜಾರುತ್ತೋ ಆ ಕಡೆಯ ಕಾಲು ಒತ್ತು. ಒತ್ತಿ ಕೂಡಲೇ ಬಿಡು," ಎಂದರು.

ಆ "ಬಿಡು" ಎಂಬ ಮಾತೇ ನನಗೆ ಕಷ್ಟವಾದದ್ದು. ಒತ್ತಿದ ಕಾಲನ್ನು ಹಾಗೇ ಹಿಡಿದರೆ ಮೂತಿ ಆಚೆ ಕಡೆಗೆ ದಾಟಿಹೋಗುತ್ತದೆ. ಆಮೇಲೆ ಇನ್ನೊಂದು ಕಾಲು, ಅದೂ ಜಾಸ್ತಿ. ಎರಡು ಮೂರು ಸಲದಲ್ಲಿ ಕೈ ಮೀರುತ್ತದೆ. ಒತ್ತು, ಬಿಡು, ಒತ್ತು, ಬಿಡು. ಸೋನೆ ಮಳೆ ತಗಡಿನ ಮೇಲೆ ಬೀಳುವ ಹಾಗೆ ಕಾಲು ಆಡುತ್ತಿರಬೇಕು.

ಆರೇಳು ಗಂಟೆ ಜೊತೆಯಲ್ಲಿ ಹಾರಿದ ಮೇಲೆ ಒಬ್ಬನನ್ನೇ ಬಿಟ್ಟರು. ಹನ್ನೊಂದನೆಯ ಸಲ ಒಬ್ಬನೇ ಇಳಿದಾಗ ತಪ್ಪಿದೆ. ಅದು ಮಾರ್ಚ್ ತಿಂಗಳು, ಹೂಮಳೆಗೆ ಕಾಯುತ್ತಿದ್ದ ಹೊತ್ತು. ಬೆಳಿಗ್ಗೆ ಹತ್ತು ದಾಟಿತ್ತು. ನಮ್ಮ ಕಡೆ ಬಿಸಿಲು ಏರಿದ ಮೇಲೆ ಬೆಟ್ಟದ ಕಡೆಯಿಂದ ಗಾಳಿ ಸುಳಿಸುಳಿಯಾಗಿ ಬರುತ್ತದೆ ಎಂದು ಗೊತ್ತಿದ್ದೂ ಇನ್ನೊಂದು ಸುತ್ತು ಹೋಗಿದ್ದೆ. ಇಳಿದದ್ದು ಚೆನ್ನಾಗಿಯೇ ಇತ್ತು. ಮೂರೂ ಚಕ್ರ ಮೆತ್ತಗೆ ಕೂತವು. ವೇಗ ಸೈಕಲ್‌ನಷ್ಟಕ್ಕೆ ಇಳಿಯಿತು. ಆಗ ನನ್ನ ಕಾಲು ಮತ್ತೆ ಮಲಗಿತು. ಎಡಗಡೆಯಿಂದ ಗಾಳಿ ಬಾಲದ ರೆಕ್ಕೆಗೆ ಹೊಡೆಯಿತು. ಮೂತಿ ಎಡಕ್ಕೆ ತಿರುಗಿತು. ಆ ವೇಗದಲ್ಲಿ ರಡ್ಡರ್‌ಗೆ ಗಾಳಿಯ ಬಲ ಸಾಲುವುದಿಲ್ಲ. ನಾನು ಬಲಗಾಲು ಒತ್ತುವಷ್ಟರಲ್ಲಿ ಲೋಕವೆಲ್ಲ ಒಂದು ಸುತ್ತು ಬಂದಿತ್ತು. ಬಲ ರೆಕ್ಕೆಯ ತುದಿ ಹುಲ್ಲು ಕೆರೆದು ಮಣ್ಣು ಎಬ್ಬಿಸಿತು. ನನಗೆ ಏನೂ ಆಗಲಿಲ್ಲ. ರೆಕ್ಕೆ ರಿಪೇರಿಗೆ ಹೋಯಿತು.

ಹಿರಿಯರು ಬೈಯಲಿಲ್ಲ. "ಹಗ್ಗ ಕಟ್ಟುವವರೆಗೆ ವಿಮಾನ ಹಾರುತ್ತಲೇ ಇದೆ ಅಂತ ತಿಳ್ಕೊ," ಎಂದಷ್ಟೇ ಹೇಳಿದರು. ಅಂದಿನಿಂದ ನಾನು ಎರಡು ನಿಯಮ ಪಾಲಿಸುತ್ತೇನೆ. ಒಂಬತ್ತು ಗಂಟೆಗೆ ವಿಮಾನ ಕಟ್ಟಿರಬೇಕು. ಇಳಿದ ಮೇಲೆ ಸ್ಟಿಕ್ (ಕೈಯಲ್ಲಿ ಹಿಡಿದು ವಿಮಾನ ನಡೆಸುವ ಕೋಲು) ಹೊಟ್ಟೆಗೆ ತಾಗುವಷ್ಟು ಹಿಂದೆಳೆದು, ಗಾಳಿ ಬರುವ ಕಡೆಗೆ ವಾಲಿಸಿ, ನಿಲ್ಲುವವರೆಗೂ ಹಾಗೇ ಹಿಡಿದಿರಬೇಕು.

ಇನ್ನೊಂದು ರೀತಿ ಇಳಿಯುವುದೂ ಇದೆ, ವೀಲ್ ಲ್ಯಾಂಡಿಂಗ್. ಮುಂದಿನ ಎರಡು ಚಕ್ರ ಮೊದಲು ಮುಟ್ಟಿಸಿ, ಬಾಲ ಮೇಲೇ ಇಟ್ಟುಕೊಂಡು ಓಡುವುದು. ಅಡ್ಡ ಗಾಳಿಯಲ್ಲಿ ನನಗೆ ಇದೇ ಹಿತ, ಏಕೆಂದರೆ ಮುಂದೆ ಕಾಣುತ್ತದೆ, ರಡ್ಡರ್‌ಗೂ ಬಲ ಇರುತ್ತದೆ. ಆದರೆ ಸ್ವಲ್ಪ ಜೋರಾಗಿ ಕುಕ್ಕಿದರೆ ಹಿಂದಿರುವ ಭಾರ ಬಾಲವನ್ನು ಕೆಳಗೆ ತಳ್ಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವಿಮಾನ ಮತ್ತೆ ಮೇಲಕ್ಕೆ ನೆಗೆಯುತ್ತದೆ. ಮುಟ್ಟಿದ ಕ್ಷಣ ಸ್ಟಿಕ್ಕನ್ನು ಒಂದು ಬೆರಳಿನಷ್ಟು ಮುಂದೆ ಕೊಡಬೇಕು. ಇದು ಕೈಗೆ ಹತ್ತಲು ನನಗೆ ಒಂದು ಸೀಸನ್ ಪೂರ್ತಿ ಬೇಕಾಯಿತು.

ಈಗ ಯಾವುದು ಒಳ್ಳೆಯದು ಎಂಬ ಮಾತು. ಕೊಡಗಿನ ಹುಲ್ಲಿನ ಪಟ್ಟಿಗೆ ನನ್ನ ಮನಸ್ಸು ಬಾಲದ ಚಕ್ರದ ಕಡೆಗೇ. ರಾತ್ರಿ ಕಾಡುಹಂದಿ ಹುಲ್ಲು ಕೆದಕುತ್ತದೆ. ಮಳೆಗಾಲದಲ್ಲಿ ಆನೆ ದಾಟಿಹೋದ ಹೆಜ್ಜೆ ಬೇಸಿಗೆಯಲ್ಲಿ ಗಟ್ಟಿ ಗುಂಡಿಯಾಗಿ ಉಳಿಯುತ್ತದೆ. ಮೂತಿ ಚಕ್ರ ಅಂಥ ಗುಂಡಿಗೆ ಬಿದ್ದರೆ ಅದರ ಸಣ್ಣ ಕಾಲು ಮುರಿದು ಪ್ರೊಪೆಲರ್ ನೆಲಕ್ಕೆ ಬಡಿಯಬಹುದು. ಬಾಲದ ಚಕ್ರದ ವಿಮಾನದಲ್ಲಿ ಪ್ರೊಪೆಲರ್ ನೆಲದಿಂದ ಎತ್ತರ, ಮುಂದಿನ ಎರಡು ಕಾಲುಗಳೂ ಗಟ್ಟಿ. ಹಾಗಂತ ಗುಂಡಿ ಬಿಟ್ಟುಬಿಡುವ ಹಾಗಿಲ್ಲ. ದಿನಾ ಬೆಳಿಗ್ಗೆ ಹಾರುವ ಮೊದಲು ಪಟ್ಟಿಯನ್ನು ಪೂರ್ತಿ ನಡೆದು ನೋಡುತ್ತೇನೆ. ಬ್ರೇಕ್ ಜೋರಾಗಿ ಒತ್ತಿದರೆ ಬಾಲ ಎದ್ದು ಮೂತಿ ನೆಲಕ್ಕೆ ಕುಕ್ಕುವ ಭಯ ಇದಕ್ಕೂ ಇದೆ. ನೆಂಟರನ್ನು ಕೂರಿಸಿಕೊಂಡು ಹೋಗುವಾಗ, ಗಾಳಿ ಅನುಮಾನ ಇರುವಾಗ, ಡಾಂಬರು ರನ್‌ವೇಗೆ ಹೋಗುವಾಗ ನಾನು ಮೂತಿ ಚಕ್ರದ ವಿಮಾನವನ್ನೇ ಕೇಳುತ್ತೇನೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬದಲಾದದ್ದು ಅದನ್ನು ಹಾರಿಸುವ ರೀತಿ. ಮೊದಲು 172ನ್ನು ವೇಗವಾಗಿ, ಚಪ್ಪಟೆಯಾಗಿ ತಂದು ಮೂರೂ ಚಕ್ರ ಒಟ್ಟಿಗೆ ಒತ್ತುತ್ತಿದ್ದೆ. ಮೂತಿ ಚಕ್ರ ಮೊದಲು ತಾಗಿ ಕುದುರೆಯ ಹಾಗೆ ಕುಪ್ಪಳಿಸುವುದು, ಆ ಕಾಲು ಮುರಿಯುವುದು ಹೀಗೇ. ಈಗ ಮುಖ್ಯ ಚಕ್ರದ ಮೇಲೆ ಇಳಿದು, ಮೂತಿಯನ್ನು ಆದಷ್ಟು ಹೊತ್ತು ಎತ್ತಿ ಹಿಡಿಯುತ್ತೇನೆ. ಕಾಲು ತಾನಾಗಿ ಆಡುತ್ತಿರುತ್ತದೆ.

ಮಗಳು ಈ ವರ್ಷ ಕಲಿಯಲು ಶುರು ಮಾಡಿದ್ದಾಳೆ, ಮೂತಿ ಚಕ್ರದಲ್ಲೇ. ಹುತ್ತರಿ ಕಳೆದು, ಗದ್ದೆ ಕೊಯ್ಲಾಗಿ, ಹುಲ್ಲು ಒಣಗಿದ ಮೇಲೆ ಬಾಲದ ಚಕ್ರದ ವಿಮಾನದಲ್ಲಿ ಕೂರಿಸುತ್ತೇನೆ. ಮೊದಲ ದಿನ ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ಸಿಲ್ವರ್ ಓಕ್ ತುದಿ ಎಲ್ಲಿ ನಿಂತಿದೆ ಎಂದು ಕೇಳುತ್ತೇನೆ.