ಜರ್ಮನ್ ನೌಕಾಪಡೆ ಬ್ಯಾಡ್ಜ್ ಅಸಲಿನಾ ನಕಲಿನಾ? ತಿರುಗಿಸಿ ನೋಡಿ

ಎರಡನೇ ಮಹಾಯುದ್ಧದ ಕ್ರೀಗ್ಸ್‌ಮರೀನ್, ಅಂದ್ರೆ ಆಗಿನ ಜರ್ಮನ್ ನೌಕಾಪಡೆಯ ಬ್ಯಾಡ್ಜ್ ಕೈಗೆ ಸಿಕ್ಕಿದ್ರೆ ಮೊದ್ಲು ತಿರುಗಿಸಿ ಹಿಂಭಾಗ ನೋಡಿ. ಮುಂದಿನ ಹದ್ದು, ಹಡಗು ಎಲ್ಲಾ ನಕಲಿ ಮಾಡೋರೂ ಚೆನ್ನಾಗೇ ತೆಗೀತಾರೆ, ಆದ್ರೆ ಪಿನ್ನು, ಹಿಂಜು, ಕೊಕ್ಕೆ ಹತ್ರ ಬಂದ್ರೆ ಸೋಮಾರಿತನ ಮಾಡ್ತಾರೆ, ಅಲ್ಲೇ ಸಿಕ್ಕಿಬೀಳೋದು.

"ಶ್ವೆರಿನ್ ಬರ್ಲಿನ್" ಅಂತ ತಯಾರಕನ ಮಾರ್ಕ್ ಇದ್ರೆ ಸಾಕು ಅಂದ್ಕೋಬೇಡಿ, ಮಾರ್ಕ್ ಹೊಡೆಯೋದೇ ಎಲ್ಲಕ್ಕಿಂತ ಸುಲಭ. ಒಬ್ಬೊಬ್ಬ ತಯಾರಕಂದು ಒಂದೊಂದು ಅಚ್ಚು, ಅದ್ರಲ್ಲಿ ಸಣ್ಣ ಬಿರುಕು, ಉಬ್ಬು ಏನಾದ್ರೂ ಇದ್ರೆ ಆ ಅಚ್ಚಲ್ಲಿ ಆಮೇಲೆ ಹೊಡೆದ ಪೀಸ್‌ಗಳಲ್ಲೆಲ್ಲ ಅದೇ ಜಾಗದಲ್ಲಿ ಕಾಣುತ್ತೆ, ಹಾಗಾಗಿ ಅದೇ ತಯಾರಕನ ಖಚಿತ ಅಸಲಿ ಪೀಸ್‌ನ ಫೋಟೋ ಪಕ್ಕದಲ್ಲಿಟ್ಕೊಂಡು ಲೂಪ್ (ಭೂತಗನ್ನಡಿ) ಹಿಡಿದು ಹೋಲಿಸಿ. ಒಬ್ಬನ ಮಾರ್ಕು, ಇನ್ನೊಬ್ಬನ ಶೈಲಿಯ ಹಿಂಜು ಅಂದ್ರೆ ರಿಪೇರಿ ಆಗಿರ್ಬೇಕು, ಇಲ್ಲಾ ನಕಲಿ.

ಯು-ಬೋಟ್ (ಜಲಾಂತರ್ಗಾಮಿ) ಬ್ಯಾಡ್ಜ್ ಜಾರಿಗೆ ಬಂದಿದ್ದು 1939ರ ಅಕ್ಟೋಬರ್ 13ಕ್ಕೆ. ಶುರುವಿನವು ಹೆಚ್ಚಾಗಿ ಟೊಂಬಾಕ್, ಅಂದ್ರೆ ಹಿತ್ತಾಳೆ ಜಾತಿ ಲೋಹ, ಯುದ್ಧ ಎಳೀತಾ ಹೋದಂಗೆ ಸತು ಬಂತು. ಸತುವಿನ ಮೇಲೆ ಗಿಲ್ಟು ನಿಲ್ಲಲ್ಲ, ಬೂದು ಬಣ್ಣಕ್ಕೆ ತಿರುಗುತ್ತೆ, ಸತುವಿನ ಪೀಸು ಫಳಫಳ ಹೊಳೀತಿದ್ರೆ ನಾನಂತೂ ಅನುಮಾನ ಪಡ್ತೀನಿ. ಮ್ಯಾಗ್ನೆಟ್ ಹಿಡೀರಿ, ಪಿನ್ ಉಕ್ಕಿಂದಾಗಿದ್ರೆ ಅಂಟ್ಕೊಳ್ಳುತ್ತೆ, ಬಾಡಿ ಅಂಟ್ಕೋಬಾರ್ದು.

ಕ್ಯಾಲಿಪರ್ ಇದ್ರೆ ಅಳತೆನೂ ತಗೊಳ್ಳಿ. ಅಸಲಿಯಿಂದ ಮೋಲ್ಡ್ ತೆಗೆದು ಎರಕ ಹೊಯ್ದ ಕಾಪಿ ತಣ್ಣಗಾಗ್ತಾ ಕುಗ್ಗುತ್ತೆ, ಒಂಚೂರು ಚಿಕ್ಕದಾಗಿರುತ್ತೆ, ಗರಿಗಳ ಗೆರೆ ಸವೆದ ಸೋಪಿನ ತರ ಮೊಂಡಾಗಿ ಕಾಣ್ತವೆ, ಸಣ್ಣ ಗುಳ್ಳೆ ತೂತುಗಳೂ ಇರ್ತವೆ.

ಬ್ಯಾಡ್ಜ್ ಜೊತೆಗೆ ಸೈನಿಕನಿಗೆ ಅದನ್ನ ಕೊಟ್ಟಾಗಿನ ಪ್ರಮಾಣಪತ್ರನೂ ಕೊಟ್ರೆ ತಾರೀಖು ನೋಡಿ. ಇ-ಬೋಟ್ (ವೇಗದ ಟಾರ್ಪಿಡೊ ದೋಣಿ) ಬ್ಯಾಡ್ಜ್ ಮೊದಲ ಮಾದರಿ 1941ರ ಮೇ, ಎರಡನೇದು ಬಂದಿದ್ದು 1943ರ ಜನವರಿ. 1942ರ ಪತ್ರದ ಜೊತೆ ಎರಡನೇ ಮಾದರಿ ಬಂದ್ರೆ ಅವೆರಡೂ ಹೇಗೆ ಜೊತೆಯಾದ್ವು ಅಂತ ಕೇಳಿ. ಮಾರೋರು ಹೇಳೋ ಅಜ್ಜನ ಕಥೆ ಎಷ್ಟು ಚೆನ್ನಾಗಿದ್ರೂ ಲೆಕ್ಕಕ್ಕಿಲ್ಲ.

ಬಟ್ಟೆ ಮೇಲೆ ಕಸೂತಿ ಮಾಡಿದ್ದಾದ್ರೆ ಯುವಿ ಲೈಟ್ ಬಿಡಿ, ದಾರ ಬೆಳ್ಳಗೆ ಮಿಂಚಿದ್ರೆ ಯುದ್ಧದ ನಂತರದ್ದು ಅನ್ನೋ ಅನುಮಾನ ಬಲವಾಗುತ್ತೆ. ಇನ್ನು ಸ್ವಸ್ತಿಕ ಇಲ್ದೇ ಇರೋ ಪೀಸ್ ಸಿಕ್ಕಿದ್ರೆ ನಕಲಿ ಅಂತ ಬಿಸಾಕ್ಬೇಡಿ, 1957ರ ಪಶ್ಚಿಮ ಜರ್ಮನಿ ಕಾನೂನಿನ ಪ್ರಕಾರ ಹಳೇ ಸೈನಿಕರು ಹಾಕ್ಕೊಳ್ಳೋಕೆ ಅಂತ ಹಾಗೇ ಮಾಡಿದ್ದು, ಯುದ್ಧಕಾಲದ್ದಲ್ಲ ಅಷ್ಟೇ, ಬೆಲೆನೂ ಕಮ್ಮಿ.