ಕಾರಂತರ ಕಾದಂಬರಿಗಳಿಗೆ ಮರಳಿದ ಬಗೆ

ಕಾಲೇಜಿನ ದಿನಗಳಲ್ಲಿ ಶಿವರಾಮ ಕಾರಂತರ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಓದಿದ್ದ ನಾನು, ಆಮೇಲೆ ಬಹಳ ವರ್ಷ ಅವುಗಳ ಕಡೆ ಹೋಗಿರಲಿಲ್ಲ. ಮತ್ತೆ ಓದಬೇಕೆನಿಸಿದಾಗ ಅವರಿಗೆ ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಕೃತಿಯನ್ನು ಬೇಕೆಂದೇ ಬದಿಗಿಟ್ಟೆ. ಅದರ ಕುರಿತ ಚರ್ಚೆಗಳು ತಲೆಯಲ್ಲಿ ತುಂಬಿದ್ದವು, ನನಗೆ ಬೇಕಾಗಿದ್ದದ್ದು ಕಾರಂತರ ದನಿ.

ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದ ‘ಬೆಟ್ಟದ ಜೀವ’ದಿಂದ (1943) ತೊಡಗಿದೆ. ಗೋಪಾಲಯ್ಯನ ಮಾತುಗಳನ್ನು ಗಟ್ಟಿಯಾಗಿ ಓದಿಕೊಂಡೆ. ಕಾಡು ಕಡಿದು ತೋಟ ಮಾಡಿದ ಉತ್ಸಾಹದಲ್ಲಿ ಹರಿಯುವ ಆ ಮಾತು, ಮನೆ ಬಿಟ್ಟುಹೋದ ಮಗ ಶಂಭುವಿನ ನೆನಪು ಸುಳಿದಾಗ ಹೇಗೆ ಬೇರೆಯಾಗುತ್ತದೆಂಬುದು ಹಾಗೆ ಓದಿದಾಗಲೇ ಕಿವಿಗೆ ಬಿತ್ತು.

ಬಳಿಕ ‘ಮರಳಿ ಮಣ್ಣಿಗೆ’ (1941). ಮೂರು ತಲೆಮಾರಿನ ಈ ಕಥೆ ಗೊತ್ತೇ ಇದ್ದುದರಿಂದ, ಮುಂದೇನಾಗುತ್ತದೆಂಬ ಆತುರ ಉಳಿದಿರಲಿಲ್ಲ. ಪಕ್ಕದಲ್ಲೊಂದು ನೋಟುಪುಸ್ತಕ ಇಟ್ಟುಕೊಂಡು, ಆ ಮನೆಯಲ್ಲಿ ಯಾವ ಕೆಲಸವನ್ನು ಯಾರು ಮಾಡುತ್ತಾರೆಂದು ಬರೆಯುತ್ತ ಹೋದೆ. ರಾಮ ಐತಾಳರು ಪೌರೋಹಿತ್ಯಕ್ಕೆಂದು ಮನೆ ಬಿಟ್ಟಾಗ ಗದ್ದೆಯಲ್ಲಿ ಬೆನ್ನು ಬಗ್ಗಿಸುವವರು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಮದುವೆಯಾಗಿ ತಂದ ಮೇಲೂ ಪಾರೋತಿಯ ದುಡಿಮೆ ನಿಲ್ಲುವುದಿಲ್ಲ. ಹುಟ್ಟಿದ ಮಗ ಲಚ್ಚ ಆಸ್ತಿಯನ್ನೆಲ್ಲ ಕಳೆದಾಗ, ಆ ಹೊರೆ ಅವನ ಹೆಂಡತಿ ನಾಗವೇಣಿಯ ಹೆಗಲಿಗೆ ಬರುತ್ತದೆ. ಮೊದಲ ಓದಿನಲ್ಲಿ ನನಗಿದು ಕಡಲತೀರದ ಒಂದು ವಂಶದ ಏಳುಬೀಳಿನ ಕಥೆಯಾಗಿತ್ತು. ಆ ಪಟ್ಟಿ ಉದ್ದವಾದಂತೆಲ್ಲ, ಗಂಡಸರ ಹೆಸರಿನಲ್ಲಿ ನಡೆಯುವ ಮನೆಯನ್ನು ಹೆಂಗಸರು ಎತ್ತಿ ಹಿಡಿದ ಕಥೆಯಾಗಿ ಅದು ಕಂಡಿತು. ಕಾರಂತರು ಇದನ್ನು ಎಲ್ಲಿಯೂ ಘೋಷಿಸುವುದಿಲ್ಲ. ಮಳೆ, ನೆರೆ, ನಾಟಿಗಳ ವಿವರದೊಳಗೇ ಇಟ್ಟುಬಿಡುತ್ತಾರೆ. ಅವರ ಮೇಲಿನ ನನ್ನ ಗೌರವ ಹೆಚ್ಚಿದ್ದು ಅಲ್ಲಿ.

ಮೊಮ್ಮಗ ರಾಮ ಪಟ್ಟಣಗಳಲ್ಲಿ ಅಲೆಯುವ ಭಾಗ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಅಲ್ಲಿ ಪಾತ್ರಕ್ಕಿಂತ ವಿಚಾರ ಮುಂದೆ ನಿಲ್ಲುತ್ತದೆ.

ಈಗ ‘ಅಳಿದ ಮೇಲೆ’ (1960) ಓದುತ್ತಿದ್ದೇನೆ. ತೀರಿಹೋದ ಯಶವಂತರಾಯರ ಬದುಕನ್ನು ಅವರನ್ನು ಬಲ್ಲವರ ಮೂಲಕ ಕೂಡಿಸಿಕೊಳ್ಳುವ ಕಾದಂಬರಿಯಾದ್ದರಿಂದ, ಈ ಬಾರಿ ಯಾರು ಅವರ ಬಗ್ಗೆ ಏನು ಹೇಳುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದನ್ನು ಬರೆದಿಡುತ್ತಿದ್ದೇನೆ.