ಊದದ ಕಣ್ಣನ್ನೂ ನಂಬಬೇಡಿ

ಮಂಡ್ಯ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಷ್ಟ್ರು. ಕಬಡ್ಡಿ ಆಡಿಸುವವನಿಗೆ ಮಂಡಿ ಏಟು, ಮೊಣಕೈ ಏಟು ಹೊಸದಲ್ಲ. ಕಣ್ಣು ಊದಿ ಕಪ್ಪಾದರೆ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ. ನಾನು ಮೋಸ ಹೋಗಿದ್ದು ಊದದ ಕಣ್ಣಿಗೆ.

ಎಂಟನೇ ಕ್ಲಾಸಿನ ಹುಡುಗ. ರೈಡರ್‌ನ ಮಂಡಿ ಬಲಗಣ್ಣಿನ ಕೆಳಗೆ ಬಡಿಯಿತು. ಊತವಿಲ್ಲ, ಕೆಂಪಿಲ್ಲ, ಆದರೆ ಎರಡು ಸಲ ವಾಂತಿ. ಬಿಸಿಲಿಗೆ ಅಂದುಕೊಂಡು ಓಆರ್‌ಎಸ್ ಕುಡಿಸಿದೆ. ಕ್ಲಿನಿಕ್ಕಿನಲ್ಲೂ ವಾಂತಿ ಮಾತ್ರೆ ಕೊಟ್ಟು ಕಳಿಸಿದರು. ಸಂಜೆ ಅವನಮ್ಮನ ಫೋನು: "ಸಾ, ಮ್ಯಾಕ್ಕೆ ನೋಡು ಅಂದ್ರೆ ಒಂದು ಕಣ್ಣು ಹೋಯ್ತದೆ, ಇನ್ನೊಂದು ಅಲ್ಲೇ ನಿಂತದೆ!"

ಕಣ್ಣಿನ ಗೂಡಿನ ತಳದ ಮೂಳೆ ಬಲು ತೆಳು. ದೊಡ್ಡವರದ್ದು ಹಪ್ಪಳದಂತೆ ಮುರಿಯುತ್ತೆ. ಮಕ್ಕಳದ್ದು ಹಸಿ ಕಡ್ಡಿಯಂತೆ ಬಾಗಿ, ಸೀಳಿ, ಇಲಿಬೋನಿನ ಬಾಗಿಲ ಹಾಗೆ ವಾಪಸ್ ಮುಚ್ಚಿಕೊಳ್ಳುತ್ತೆ. ಆ ಸಂದಿಯಲ್ಲಿ ಕಣ್ಣು ಹೊರಳಿಸುವ ಸ್ನಾಯು ಸಿಕ್ಕಿಬಿದ್ದರೆ ವಾಂತಿ, ತಲೆಸುತ್ತು, ನಾಡಿಯೂ ನಿಧಾನವಾಗಬಹುದು. ನೋಡುವವರಿಗೆ ತಲೆಗೆ ಪೆಟ್ಟಾದಂತೆಯೇ ಕಾಣುತ್ತೆ. ತಲೆಗೂ ಪೆಟ್ಟಾಗಿರಬಹುದು, ಅದನ್ನೂ ಡಾಕ್ಟರೇ ನೋಡಬೇಕು.

ಕಣ್ಣುಗುಡ್ಡೆಯಲ್ಲಿ ರಕ್ತ, ಪಾಪೆ ಸೊಟ್ಟ, ದೃಷ್ಟಿ ಮಂಜು ಇದ್ದರೆ ಯಾವ ಪರೀಕ್ಷೆಯೂ ಬೇಡ. ಪೇಪರ್ ಲೋಟದ ತಳದ ಭಾಗವನ್ನು ಬಟ್ಟಲಿನಂತೆ ಕತ್ತರಿಸಿಕೊಂಡು, ಗುಡ್ಡೆಗೆ ತಾಗದಂತೆ ಕಣ್ಣಿಗೆ ಮುಚ್ಚಿ ಹೊರಡಿ. ಇಲ್ಲದಿದ್ದರೆ ತಲೆ ಅಲುಗದಂತೆ ಕೂರಿಸಿ, ಪೆನ್ ಕ್ಯಾಪನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಒಂದೇ ಸಲ ಆಡಿಸಿ. ಒಂದು ಕಣ್ಣು ಇನ್ನೊಂದರ ಜೊತೆ ಹೋಗದೆ ನಿಲ್ಲುತ್ತಾ? ಕ್ಯಾಪ್ ಎರಡು ಕಾಣುತ್ತಾ? ಕೆನ್ನೆ, ಮೇಲ್ದುಟಿ ಜೋಮು ಹಿಡಿದಿದೆಯಾ? ಒಂದಕ್ಕೆ ಹೌದು ಅಂದರೂ, ಕಣ್ಣು ಒಂದಿಷ್ಟೇ ತಡೆದರೂ ಹೊರಡಿ. ನೋವೆಂದರೆ ಮತ್ತೆ ಮೇಲೆ ನೋಡಿಸಬೇಡಿ.

ನೀರೂ ಬೇಡ, ಊಟವೂ ಬೇಡ, ಆಪರೇಷನ್ ಆಗಬಹುದು. ನನ್ನ ಓಆರ್‌ಎಸ್ ತಪ್ಪಾಗಿದ್ದು ಇಲ್ಲೇ. ಮೂಗು ಸೀಟಬಾರದು: ಪಕ್ಕದ ಸೈನಸ್‌ನಿಂದ ಗಾಳಿ ಗೂಡಿಗೆ ನುಗ್ಗುತ್ತೆ. ಕೆನ್ನೆಗೆ ತಣ್ಣನೆ ಬಟ್ಟೆ ಸಾಕು. ಹರಳೆಣ್ಣೆ, ಎದೆಹಾಲು ಬಿಡಲು ಬಂದ ಅಜ್ಜಿಯರಿಗೆ ಕೈಮುಗಿಯಿರಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಗಾಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಹೋದರೆ ಕೇಳಬೇಕಾದ ಮಾತು ಒಂದೇ: "ಸ್ನಾಯು ಸಿಕ್ಕಿದೆಯಾ ನೋಡಿ." ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತೆ, ಸಿ.ಟಿ. ಸ್ಕ್ಯಾನಿನಲ್ಲೂ ಬಿರುಕು ಕೂದಲೆಳೆಯಷ್ಟೇ ಕಾಣಬಹುದು. ಮೂಳೆ ಸೀಳಿದವರಿಗೆಲ್ಲ ಆಪರೇಷನ್ ಬೇಕಿಲ್ಲ. ಸ್ನಾಯು ಸಿಕ್ಕಿದ್ದರೆ ಮಾತ್ರ 24ರಿಂದ 48 ಗಂಟೆಯೊಳಗೆ ಬಿಡಿಸಬೇಕು, ನಾಡಿ ನಿಧಾನವಿದ್ದರೆ ಇನ್ನೂ ಬೇಗ. ತಡವಾದರೆ ರಕ್ತ ಹರಿಯದೆ ಸ್ನಾಯು ಸೊರಗುತ್ತೆ.

ನಮ್ಮ ಹುಡುಗನಿಗೆ ಮಾರನೇ ದಿನ ಮೈಸೂರಿನಲ್ಲಿ ಆಪರೇಷನ್ ಆಯ್ತು. ಎರಡು ತಿಂಗಳು ಬೋರ್ಡ್ ನೋಡಿದರೆ ಎರಡು, ಪುಸ್ತಕ ನೋಡಿದರೆ ಒಂದೇ. ಅಷ್ಟು ದಿನ ಅಂಕಣದ ಪಕ್ಕ ಕೂತು ಸ್ಕೋರ್ ಬರೆದ.